ಇಚ್ಛಾಪರಿಮಾಣವೂ ತಿಂಗಳ ಲೆಕ್ಕವೂ



ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಸದಿಯ ಜಗಲಿಯಲ್ಲಿ ನನ್ನ ಬಳಿ ಬಂದು ಕುಳಿತನು. ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿ ಮೂರು ವರ್ಷಗಳಾಗಿವೆ. ಅಷ್ಟಮಿ-ಚತುರ್ದಶಿಗಳಲ್ಲಿ ತಪ್ಪದೆ ಉಪವಾಸ ಮಾಡುವವನು. “ಮೇಷ್ಟ್ರೇ, ಹಸಿವನ್ನು ತಡೆಯಬಲ್ಲೆ. ಆದರೆ ಉಪವಾಸದ ರಾತ್ರಿಯಲ್ಲಿಯೇ ಮೊಬೈಲಿನಲ್ಲಿ ಕಂತಿನ ಮೇಲೆ ಸಾಮಾನು ಕೊಂಡುಬಿಡುತ್ತೇನೆ. ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆಯುತ್ತಿದೆ, ಅಪ್ಪನಿಗೆ ಹೇಳಿಲ್ಲ. ಇನ್ನು ಮೇಲೆ ಹಣ ಕೂಡಿಡೋಣವೆಂದರೆ, ಅದೂ ಪರಿಗ್ರಹವೇ ಅಲ್ಲವೇ?” ಎಂದು ಕೇಳಿದನು. ಅವನ ಪ್ರಶ್ನೆ ಇಂದು ಅನೇಕ ಮನೆಗಳ ಪ್ರಶ್ನೆಯಾಗಿರುವುದರಿಂದ ಇಲ್ಲಿ ವಿಚಾರಿಸುತ್ತೇನೆ.

ಪರಿಗ್ರಹವೆಂದರೆ ಮೂರ್ಛೆ, ಅಂದರೆ ‘ನನ್ನದು’ ಎಂಬ ಮಮತೆ ಎಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಮುನಿಗಳಿಗೆ ಸಕಲ ಪರಿಗ್ರಹತ್ಯಾಗ; ಗೃಹಸ್ಥನಿಗೆ ಪರಿಮಾಣ. ಧನಧಾನ್ಯಾದಿಗಳಿಗೆ ಮಿತಿಯನ್ನು ಕಟ್ಟಿ, ಅದಕ್ಕೆ ಮೀರಿದುದರಲ್ಲಿ ನಿಸ್ಪೃಹನಾಗಿರುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ‘ಇಚ್ಛಾಪರಿಮಾಣ’ ಎಂದೂ ಕರೆದಿದ್ದಾರೆ. ಅಳತೆ ಹಾಕಬೇಕಾದುದು ಪೆಟ್ಟಿಗೆಗೆ ಮಾತ್ರವಲ್ಲ, ಇಚ್ಛೆಗೆ. ಹೀಗಿರುವಾಗ ಕೈಯಲ್ಲಿ ಕಾಸಿಲ್ಲದವನು ಅಪರಿಗ್ರಹಿಯಾದನೆಂದು ತಿಳಿಯಬಾರದು. ಸಾಲ ಮಾಡಿ ಕೊಳ್ಳುವವನು ಇನ್ನೂ ಗಳಿಸದ ಹಣದಲ್ಲಿಯೂ ಮಮತೆಯಿಟ್ಟವನೇ ಸರಿ.

ಅದೇ ಆಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿವಿಸ್ಮಯ, ಅತಿಭಾರವಹನಗಳನ್ನು ಎಣಿಸಿದ್ದಾರೆ. ಗೊತ್ತುಗುರಿಯಿಲ್ಲದೆ ಕೂಡಿಡುವುದು ಅತಿಸಂಗ್ರಹ. ಗೆಳೆಯನು ಶೇರುಗಳಲ್ಲಿ ಗಳಿಸಿದುದನ್ನು ಕಂಡು ನಿದ್ರೆಗೆಡುವುದು ಅತಿವಿಸ್ಮಯ. ಲೋಭದಿಂದ ಎತ್ತಿನ ಮೇಲೆ ಮಿತಿಮೀರಿ ಹೇರುವುದು ಅತಿಭಾರವಹನ. ಇಂದಿನ ಯುವಕರು ಆ ಹೊರೆಯನ್ನು ಕಂತುಗಳ ರೂಪದಲ್ಲಿ ತಮ್ಮ ಹೆಗಲಿಗೇ ಹೇರಿಕೊಳ್ಳುತ್ತಿದ್ದಾರೆ. ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿಯಾದರೆ, 50,000 ರೂಪಾಯಿ ಬಾಕಿಗೆ ವರ್ಷಕ್ಕೆ 18,000 ರೂಪಾಯಿ ಬಡ್ಡಿಯೇ ಆಗುತ್ತದೆ. ಅಸಲು ಇದ್ದಂತೆಯೇ ಇರುತ್ತದೆ.

ಹಾಗಾದರೆ ಮಾರ್ಗವೇನು? ಪ್ರೋಷಧೋಪವಾಸದ ಕ್ರಮವನ್ನು ನೆನೆಯಿರಿ. ಹಿಂದಿನ ದಿನ ಏಕಭುಕ್ತದ ಧಾರಣೆ, ನಡುವೆ ಉಪವಾಸ, ಮರುದಿನ ಪಾರಣೆ. ಹಸಿವೆಯಾದ ಮೇಲೆ ಯಾರೂ ಸಂಕಲ್ಪ ಮಾಡುವುದಿಲ್ಲ. ಸಂಕಲ್ಪವು ಹಸಿವೆಗೆ ಮೊದಲೇ ಆಗಬೇಕು. ತಿಂಗಳ ಲೆಕ್ಕವೂ ಹಾಗೆಯೇ. ಸಂಬಳ ಬಂದ ದಿನವೇ ಧಾರಣೆ, ತಿಂಗಳೆಲ್ಲ ಸಂಯಮ, ಕೊನೆಯ ದಿನ ಖರ್ಚನ್ನು ಓದಿ ತಪ್ಪನ್ನು ಒಪ್ಪಿಕೊಳ್ಳುವ ಪ್ರತಿಕ್ರಮಣ.

ಅವನ ಸಂಬಳ 40,000 ರೂಪಾಯಿ. ಅಲ್ಲಿಯೇ ಕುಳಿತು ಬರೆದೆವು. ಬಾಡಿಗೆ, ಊಟ, ಓಡಾಟಗಳಿಗೆ 20,000, ತಂದೆತಾಯಿಗಳಿಗೆ 6,000, ಆಹಾರ, ಔಷಧ, ಶಾಸ್ತ್ರದಾನಗಳಿಗೆ 2,000, ಭೋಗೋಪಭೋಗಕ್ಕೆ 4,000, ಉಳಿತಾಯಕ್ಕೆ 8,000. ಈ 8,000 ಮೊದಲು ಸಾಲಕ್ಕೆ ಸಲ್ಲಬೇಕು. ಸಾಲ ಹರಿದ ಮೇಲೆ 15 ತಿಂಗಳು ಕೂಡಿಟ್ಟರೆ 1,20,000 ರೂಪಾಯಿ, ಅಂದರೆ ಆರು ತಿಂಗಳ ಅಗತ್ಯ ಖರ್ಚಿನ ಹಣ, ಬ್ಯಾಂಕಿನಲ್ಲಿ ಸಿದ್ಧವಾಗಿರುತ್ತದೆ. ಉದ್ಯೋಗ ಹೋದರೂ, ಮನೆಯಲ್ಲಿ ಕಾಯಿಲೆ ಬಂದರೂ, ಅಂಥವನು ಸುಳ್ಳು ಹೇಳಿ ಸಾಲ ಕೇಳಬೇಕಾಗಿಲ್ಲ. ಹೀಗೆ ಮಿತಿಯುಳ್ಳ ಉಳಿತಾಯವು ಸತ್ಯಾಣುವ್ರತಕ್ಕೂ ಅಚೌರ್ಯಾಣುವ್ರತಕ್ಕೂ ಬೇಲಿಯಾಗುತ್ತದೆ. ಆಮೇಲೆ 15 ವರ್ಷದ ಸಾರ್ವಜನಿಕ ಭವಿಷ್ಯನಿಧಿಯಂಥ ದೀರ್ಘಕಾಲದ ಠೇವಣಿಗಳನ್ನು ಯೋಚಿಸಬಹುದು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಯೌವನದಲ್ಲಿ ಪೂಜ್ಯ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹಪರಿಮಾಣವನ್ನು ಸ್ವೀಕರಿಸಿದೆನು. ಆದರೆ ವೇತನ ಪರಿಷ್ಕರಣೆಯಾದಾಗಲೆಲ್ಲ, ಕಾಲ ಬದಲಾಯಿತೆಂದು ನೆವ ಹೇಳಿ, ಗೆರೆಯನ್ನು ಮುಂದಕ್ಕೆ ಎಳೆದೆನು. ನಿವೃತ್ತನಾದ ಮೇಲೆ ಹಳೆಯ ದಿನಚರಿಯಲ್ಲಿ ಮೊದಲು ಬರೆದ ಅಂಕಿಯನ್ನು ಕಂಡು ತಲೆ ತಗ್ಗಿಸಿದೆನು. ಸಂಬಳದ ಜೊತೆಗೆ ಸರಿಯುವ ಮಿತಿಯು ಮಿತಿಯಲ್ಲ. ಆದುದರಿಂದ ಆ ಯುವಕನಿಗೆ ಹೇಳಿದೆನು: “ಅಪ್ಪಾ, ಎಷ್ಟು ಸಾಕೆಂಬುದನ್ನು ಇಂದೇ ಬರೆದಿಡು. ಅದು ತುಂಬಿದ ಮೇಲೆ ಬಂದುದು ದಾನದ್ದು. ಆಜೀವ ‘ಯಮ’ವು ಈಗಲೇ ಕಷ್ಟವೆನಿಸಿದರೆ, ಕಾಲಮಿತಿಯುಳ್ಳ ‘ನಿಯಮ’ದಿಂದ ತೊಡಗು. ಮುಂದಿನ ಪರ್ವದವರೆಗೆ ಕಂತಿನ ಮೇಲೆ ಏನನ್ನೂ ಕೊಳ್ಳುವುದಿಲ್ಲವೆಂದು ಸಂಕಲ್ಪಿಸು. ಈ ರಾತ್ರಿಯೇ ತಂದೆಗೆ ಸಾಲದ ವಿಷಯವನ್ನು ತಿಳಿಸು.”

ಅವನು ಜಿನಬಿಂಬದ ಮುಂದೆ ಕೈಮುಗಿದು ನಿಯಮವನ್ನು ಹಿಡಿದನು. ತಂದೆಗೆ ಹೇಳುವುದು ಅವನಿಗೆ ಉಪವಾಸಕ್ಕಿಂತ ಕಠಿಣವಾಯಿತೆಂದು ಮರುದಿನ ತಿಳಿಸಿದನು; ಆದರೂ ಹೇಳಿದ್ದನು.

ಶ್ರಾವಕರೇ, ನಿಮ್ಮ ಮಕ್ಕಳಿಗೆ ನೋಂಪಿಯ ವಿಧಿಯನ್ನು ಕಲಿಸುವಾಗ ಮೊದಲ ಸಂಬಳದ ವಿಧಿಯನ್ನೂ ಕಲಿಸಿರಿ. ಮಗನ ಸಂಬಳವೆಷ್ಟೆಂದು ಕೇಳುವ ತಂದೆಯು, ಸಾಲವೆಷ್ಟೆಂದೂ ಮೃದುವಾಗಿ ಕೇಳಲಿ. ಹೊಟ್ಟೆಯನ್ನು ಗೆದ್ದವರು ಇಚ್ಛೆಯನ್ನೂ ಗೆಲ್ಲುವಂತಾಗಲಿ.

ಜಿನಧರ್ಮವು ಜಯಿಸಲಿ. ಸರ್ವರಿಗೂ ಮಂಗಳವಾಗಲಿ.