ಉಂಡ ಮನೆಯ ಜಂತಿ

ಮಣ್ಣಗುಡ್ಡೆಯ ದೊಡ್ಡಮ್ಮನ ಮನೆಯಲ್ಲಿ ಉಂಡು ನಾನು ಕಾಲೇಜು ಓದಿದೆ. ರಾತ್ರಿ ಗಂಡಸರ ಊಟ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ನಾನೂ ದೊಡ್ಡಮ್ಮನೂ ಬಟ್ಟಲಿಟ್ಟುಕೊಂಡು ಕೂರುತ್ತಿದ್ದೆವು. ದಿನವಿಡೀ ಬಾಯಿ ಬಿಡದ ಆ ಹೆಂಗಸು ಆ ಅರ್ಧ ಗಂಟೆಯಲ್ಲಿ ಮಾತ್ರ ಮಾತಾಡುತ್ತಿದ್ದರು. ಹಾಗೆ ಒಂದು ರಾತ್ರಿ, ತಾವು ಯಾರಿಗೂ ತಿಳಿಯದಂತೆ ಎರಡು ಬಳೆ ಅಡವಿಟ್ಟದ್ದನ್ನು ಹೇಳಿದರು. ಯಾಕೆ ಎಂಬುದನ್ನೂ ಹೇಳಿದರು.

ಮದುವೆಯಾಗಿ ಮೂರು ವರ್ಷದ ಮೇಲೆ ನಾನು ಅದನ್ನು ಕತೆ ಮಾಡಿದೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಬಾವಿಕಟ್ಟೆಯ ಪಕ್ಕದ ಬಿಂಬುಳಿ ಮರವನ್ನು ಮಾತ್ರ ಬದಲಿಸಲು ಮನಸ್ಸಾಗಲಿಲ್ಲ. ಕತೆ ಅಚ್ಚಾಯಿತು, ನಾಲ್ಕು ಮಂದಿ ಹೊಗಳಿದರು. ದೊಡ್ಡಪ್ಪನೂ ಓದಿದರು. ಆ ಮನೆಯಲ್ಲಿ ಆಮೇಲೆ ಏನಾಯಿತೆಂದು ನನಗೆ ಯಾರೂ ಹೇಳಲಿಲ್ಲ. ಮುಂದಿನ ಸಲ ಹೋದಾಗ ದೊಡ್ಡಮ್ಮ ಎಂದಿನಂತೆಯೇ ಬಡಿಸಿದರು, ಪತ್ರೊಡೆಯ ಮೇಲೆ ಎಂದಿನಂತೆಯೇ ತೆಂಗಿನೆಣ್ಣೆ ಸುರಿದರು. ಆದರೆ ಊಟಕ್ಕೆ ನನ್ನ ಜೊತೆ ಕೂರಲಿಲ್ಲ. "ನೀನು ಉಣ್ಣು ಮಗಳೇ, ನನಗೆ ಈಗ ಹಸಿವಿಲ್ಲ" ಎಂದರು. ಅಮ್ಮನಿಗೆ ಸಂಗತಿ ಗೊತ್ತಾದಾಗ ಒಂದೇ ಮಾತು ಹೇಳಿದ್ದು: "ಉಂಡ ಮನೆಯ ಜಂತಿ ಎಣಿಸಿದೆಯಲ್ಲೇ."

ಹಂಚಿನ ಮನೆಯಲ್ಲಿ ಉಂಡು ಅಂಗಾತ ಮಲಗಿದರೆ ಕಣ್ಣಿಗೆ ಬೀಳುವುದೇ ಜಂತಿ, ಪಕ್ಕಾಸು. ಎಣಿಸದೆ ಇರುವುದಾದರೂ ಹೇಗೆ?

ಈ ಹಳೆಯ ಮುಳ್ಳನ್ನು ಮತ್ತೆ ಕೆದಕಿದ್ದು, ಪರಿಚಯದ ಪ್ರಾಧ್ಯಾಪಕರೊಬ್ಬರು ಓದಲು ಕೊಟ್ಟ ಒಂದು ಪುಸ್ತಕ. ಹಾಲೆಂಡಿನ ಲಿನ್‌ಸ್ಕೋಟೆನ್ ಎಂಬವನ ಪ್ರವಾಸ ಕಥನದ ಇಂಗ್ಲಿಷ್ ಅನುವಾದ. 1885ರಲ್ಲಿ ಎರಡು ಸಂಪುಟಗಳಾಗಿ ಬಂದದ್ದು. ಅದರ ಮೊದಲ ಸಂಪುಟವನ್ನು ಸಿದ್ಧಪಡಿಸಿದವರು ಎ.ಸಿ. ಬರ್ನೆಲ್. ಹೌದು, ನಮ್ಮ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಅದೇ ಬರ್ನೆಲ್. ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವರು, ದಕ್ಷಿಣ ಭಾರತದ ಲಿಪಿಗಳ ಮೇಲಿನ ತಮ್ಮ ಪುಸ್ತಕವನ್ನು 1874ರಲ್ಲಿ ಇಲ್ಲಿಯ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದವರು. ಲಿನ್‌ಸ್ಕೋಟೆನ್ ಪುಸ್ತಕ ಹೊರಬರುವ ಮೊದಲೇ, 1882ರಲ್ಲಿ, ತೀರಿಕೊಂಡರು.

ಲಿನ್‌ಸ್ಕೋಟೆನ್ ಇಪ್ಪತ್ತರ ಹುಡುಗನಾಗಿ 1583ರಲ್ಲಿ ಗೋವೆಗೆ ಬಂದ. ಅಲ್ಲಿಯ ಪೋರ್ಚುಗೀಸ್ ಆರ್ಚ್‌ಬಿಷಪ್ಪರ ಮನೆಯಲ್ಲಿ ಲೆಕ್ಕ ಬರೆಯುವ, ಕಾಗದ ಪತ್ರ ನೋಡುವ ಕೆಲಸ. ಐದು ವರ್ಷಕ್ಕೂ ಮೇಲೆ ಇಲ್ಲಿದ್ದ. ತೆಂಗಿನ ಮರ, ಮಾವು, ಹಲಸು, ಜನರ ಉಡುಗೆ ತೊಡುಗೆ, ಹೊನ್ನಾವರ, ಬಸ್ರೂರು, ಮಂಗಳೂರು ಎಲ್ಲವೂ ಅವನ ಬರಹದಲ್ಲಿವೆ. ಜೊತೆಗೆ ಇನ್ನೊಂದನ್ನೂ ಕೂಡಿಹಾಕಿಕೊಂಡಿದ್ದ. ಯಾವ ತಿಂಗಳಲ್ಲಿ ಯಾವ ಗಾಳಿ, ಎಲ್ಲಿ ಬಂಡೆ, ಎಲ್ಲಿ ಸೆಳೆತ ಎಂದು ಪೋರ್ಚುಗೀಸ್ ನಾವಿಕರು ಬರೆದಿಟ್ಟುಕೊಂಡಿದ್ದ ಕಡಲ ದಾರಿಯ ವಿವರಗಳು. ಸುಮಾರು ನೂರು ವರ್ಷ ಮೆಣಸಿನ ವ್ಯಾಪಾರವನ್ನು ಹಿಡಿದಿಟ್ಟ ಗುಟ್ಟು ಅದು. ಊರಿಗೆ ಮರಳಿದ ಮೇಲೆ ಅದನ್ನು ಅಚ್ಚು ಹಾಕಿಸಿದ. ಡಚ್ಚರ ಹಡಗುಗಳು ಪೂರ್ವದ ದ್ವೀಪಗಳ ಕಡೆಗೆ ಹೊರಟದ್ದು ಇಂಥ ಅರಿವಿನ ಬಲದಿಂದ. ನೋಡಿ, ಇವನಿಗಿಂತ ದೊಡ್ಡ ಜಂತಿ ಎಣಿಸಿದವ ಯಾರು!

ಅವನ ಪರವಾಗಿ ವಾದ ಹೂಡುವುದು ಕಷ್ಟವಲ್ಲ. ಆ ಮನೆ ತಾನೇ ಯಾರದು? ಪೋರ್ಚುಗೀಸರು ಉಳ್ಳಾಲದ ರಾಣಿಯೊಡನೆ ಕಾದಾಡಿ 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದವರು. ಮೆಣಸಿನ ಬಳ್ಳಿ ಅವರು ನೆಟ್ಟದ್ದಲ್ಲ. ಅವರ ಗುಟ್ಟು ಹೊರಬಿದ್ದರೆ ನಾವೇಕೆ ಅಳಬೇಕು? ಈ ವಾದ ನನಗೂ ಒಂದು ಸಂಜೆಯ ಮಟ್ಟಿಗೆ ಹಿತವಾಗಿತ್ತು. ಆಮೇಲೆ ನೆನಪಾಯಿತು, ದೊಡ್ಡಮ್ಮ ಪೋರ್ಚುಗೀಸರಲ್ಲ. ಇನ್ನು, ಲಿನ್‌ಸ್ಕೋಟೆನ್ ತೀರಿಕೊಂಡ ಹತ್ತು ವರ್ಷಕ್ಕೆ, 1621ರಲ್ಲಿ, ಜಾಯಿಕಾಯಿಗಾಗಿ ಡಚ್ಚರು ಬಾಂದಾ ದ್ವೀಪಗಳ ಜನರನ್ನು ಸಾವಿರಗಟ್ಟಲೆ ಕೊಂದರು. ಅದನ್ನು ಅವನ ತಲೆಗೆ ಕಟ್ಟಬೇಕೆ? ಪೂರ್ತಿ ಕಟ್ಟಲಾರೆ. ಪೂರ್ತಿ ಬಿಡಲೂ ಆರೆ.

ಆದರೆ ನನ್ನನ್ನು ಹಿಡಿದದ್ದು ಅವನ ಬದುಕಿನ ಇನ್ನೊಂದು ಭಾಗ. ನಮ್ಮ ಕಡಲ ಬಿಸಿಲು ಕಂಡ ಈ ಮನುಷ್ಯ ಊರಿಗೆ ಮರಳಿದ ಎರಡೇ ವರ್ಷಕ್ಕೆ, 1594ರಲ್ಲಿ, ಹಿಮದ ಕಡಲಿಗೆ ಹೊರಟ. ರಷ್ಯಾದ ಬಡಗಣ ಅಂಚಿನಲ್ಲಿ ಸುತ್ತಿಕೊಂಡು ಚೀನಾ, ಇಂಡಿಯಾ ತಲುಪುವ ದಾರಿ ಇರಬಹುದೆಂದು ಆಗ ನಂಬಿದ್ದರು. ದಕ್ಷಿಣದ ದಾರಿಯಲ್ಲಿ ಪೋರ್ಚುಗೀಸರ ಫಿರಂಗಿ ಕಾಯುತ್ತಿತ್ತು. ಇಲ್ಲಿ ಯಾರ ಕಾವಲೂ ಇರಲಿಲ್ಲ. ಯಾರ ಗುಟ್ಟನ್ನೂ ಕದಿಯದೆ, ಯಾರ ಅನ್ನವನ್ನೂ ಉಣ್ಣದೆ ಹೋಗಬಹುದಾದ ದಾರಿ. ಅವನು ಹಾಗೆ ಯೋಚಿಸಿದನೆಂದು ನಾನು ಹೇಳುತ್ತಿಲ್ಲ, ಲಾಭವನ್ನೇ ಯೋಚಿಸಿರಬೇಕು. ನನಗೆ ಮಾತ್ರ ಹಾಗೆ ಕಂಡಿತು.

ವಾಯ್ಗಾಚ್ ದ್ವೀಪದ ಪಕ್ಕದ ಜಲಸಂಧಿ ದಾಟಿ ಅವರು ಕಾರಾ ಸಮುದ್ರಕ್ಕೆ ಬಂದಾಗ ಮುಂದೆ ತೆರೆದ ನೀರು ಕಂಡಿತು. ದಾರಿ ಸಿಕ್ಕಿತೆಂದೇ ಹಿಗ್ಗಿ ಮರಳಿದರು. ಅದೇ ಯಾತ್ರೆಯಲ್ಲಿ ನೋವಾಯಾ ಜೆಮ್ಲ್ಯಾದ ಪಶ್ಚಿಮ ಕರಾವಳಿ ಹಿಡಿದು ಮೇಲಕ್ಕೆ ಹೋದ ಬಾರೆಂಟ್ಸ್ ಎಂಬವನಿಗೆ ಸಿಕ್ಕಿದ್ದು ಬರೀ ಮಂಜುಗಡ್ಡೆ. ಮರುವರ್ಷ ಏಳು ಹಡಗು ಹೊರಟವು, ಚೀನಾದಲ್ಲಿ ಮಾರಲು ಸರಕು ತುಂಬಿಕೊಂಡು. ಹೊರಟದ್ದೇ ತಡವಾಗಿತ್ತು. ಆ ಜಲಸಂಧಿಯಲ್ಲಿ ಮಂಜುಗಡ್ಡೆ ಬಾಗಿಲು ಹಾಕಿ ಕೂತಿತ್ತು. ಇಬ್ಬರನ್ನು ಹಿಮಕರಡಿ ಕೊಂದಿತು. ಬಂದ ದಾರಿಗೆ ಸುಂಕವಿಲ್ಲವೆಂದು ಮರಳಬೇಕಾಯಿತು. 1596ರಲ್ಲಿ ಬಾರೆಂಟ್ಸ್ ಮತ್ತೆ ಹೋದ, ಲಿನ್‌ಸ್ಕೋಟೆನ್ ಹೋಗಲಿಲ್ಲ. ಹಡಗು ಹಿಮದಲ್ಲಿ ಸಿಕ್ಕಿಬಿತ್ತು. ಕಡಲು ತಂದು ಹಾಕಿದ ಮರದ ದಿಮ್ಮಿಗಳಿಂದ ಮನೆ ಕಟ್ಟಿ, ಸೂರ್ಯನೇ ಇಲ್ಲದ ಚಳಿಗಾಲ ಕಳೆದು, ತೆರೆದ ದೋಣಿಗಳಲ್ಲಿ ಮರಳುವಾಗ ದಾರಿಯಲ್ಲೇ ಬಾರೆಂಟ್ಸ್ ಸತ್ತ. 17 ಮಂದಿಯಲ್ಲಿ ಊರು ಸೇರಿದವರು 12 ಮಂದಿ.

ಆ ಏಳು ಹಡಗುಗಳ ಯಾತ್ರೆಯ ಒಂದು ಸಣ್ಣ ಪ್ರಸಂಗವನ್ನು ಜೊತೆಯಲ್ಲಿದ್ದ ಗೆರಿಟ್ ಡ ವೇರ್ ಬರೆದಿಟ್ಟಿದ್ದಾನೆ. ಆ ಹಿಮದ ದಡದಲ್ಲೂ ಜನರಿದ್ದರು. ಹಿಮಸಾರಂಗ ಕಟ್ಟಿದ ಜಾರುಬಂಡಿಯಲ್ಲಿ ಓಡಾಡುವವರು, ಇಂದು ನೆನೆತ್ಸ್ ಎಂದು ಕರೆಸಿಕೊಳ್ಳುವವರು. ಅವರ ಮರದ ದೇವರ ಬೊಂಬೆಯೊಂದನ್ನು ಡಚ್ಚರಲ್ಲೊಬ್ಬ ಎತ್ತಿಕೊಂಡು ದೋಣಿಗೆ ತಂದ. ಆ ಜನರಲ್ಲೊಬ್ಬ ಬಂಡಿ ಓಡಿಸಿಕೊಂಡು ಬಂದು, ನೀವು ಮಾಡಿದ್ದು ತಪ್ಪು ಎಂದು ಕೈಸನ್ನೆಯಲ್ಲಿ ಹೇಳಿದ. ಇವರು ಬೊಂಬೆಯನ್ನು ಹಿಂದಕ್ಕೆ ಕೊಟ್ಟರು.

ನಮ್ಮ ಕಡೆಯಲ್ಲಾದರೂ ಅಷ್ಟೇ ಅಲ್ಲವೇ? ಗುಡಿಯ ಭೂತದ ಮೊಗವನ್ನು ಯಾರಾದರೂ ಹೊತ್ತೊಯ್ದರೆ ಊರೇ ಹಿಂದೆ ಓಡುತ್ತದೆ. ಆದರೆ ಗೋವೆಯ ಮನೆಯಿಂದ ಲಿನ್‌ಸ್ಕೋಟೆನ್ ಹೊತ್ತೊಯ್ದದ್ದನ್ನು ಹಿಂದಕ್ಕೆ ಕೊಡು ಎಂದು ಯಾರು ಯಾವ ಬಂಡಿಯಲ್ಲಿ ಓಡಿ ಬರಬೇಕಿತ್ತು? ಅಚ್ಚಾದದ್ದನ್ನು ಯಾರ ಕೈಗೆ ಮರಳಿಸುವುದು? ಬಳೆಯಾದರೆ ಬಡ್ಡಿ ಕಟ್ಟಿ ಬಿಡಿಸಿ ತರಬಹುದು. ದೊಡ್ಡಮ್ಮ ಬಿಡಿಸಿಯೂ ತಂದಿದ್ದರು. ನನ್ನ ಕತೆ ಅಚ್ಚಾಗುವ ಹೊತ್ತಿಗೆ ಅವು ಅವರ ಕೈಯಲ್ಲೇ ಇದ್ದವು. ಆ ವಿಷಯವನ್ನು ನಾನು ಕತೆಯಲ್ಲಿ ಬರೆದಿರಲಿಲ್ಲ, ದುಃಖಾಂತ್ಯ ಕೆಡುತ್ತದೆಂದು.

ಬರೆಯಬಾರದಿತ್ತೇ ಎಂದು ಕೇಳಿದರೆ ಇವತ್ತಿಗೂ ಹೌದೆನ್ನಲು ನಾಲಗೆ ಏಳುವುದಿಲ್ಲ. ಆ ಕತೆ ಓದಿ ಇಬ್ಬರು ಅಪರಿಚಿತ ಹೆಂಗಸರು ನನಗೆ ಕಾಗದ ಬರೆದಿದ್ದರು, ತಮ್ಮ ತಮ್ಮ ಬಳೆಗಳ ವಿಷಯ. ದೊಡ್ಡಮ್ಮನನ್ನು ಮೊದಲೇ ಒಂದು ಮಾತು ಕೇಳಿದ್ದರೆ? ಬೇಡ ಎಂದುಬಿಟ್ಟರೆ ಎಂಬ ಹೆದರಿಕೆಯಿಂದಲೇ ನಾನು ಕೇಳದಿದ್ದದ್ದು. ಅದು ಆಗಲೇ ಗೊತ್ತಿತ್ತು.

ದೊಡ್ಡಮ್ಮ ಈಗಿಲ್ಲ. ಆ ಹಂಚಿನ ಮನೆಯಿದ್ದಲ್ಲಿ ಫ್ಲ್ಯಾಟು ಎದ್ದಿದೆ. ಇದನ್ನು ಬರೆದು ಮುಗಿಸಿದ ಮೇಲೆ, ಈ ಸಲ, ಅವರ ಮಗಳಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ಹಾಕು. ಆದರೆ ಅಮ್ಮ ಬಳೆ ಯಾಕೆ ಅಡವಿಟ್ಟದ್ದೆಂದು ಮಾತ್ರ ಬರೀಬೇಡ ಮಾರಾಯ್ತಿ" ಎಂದರು.

ಒಂದು ಪ್ಯಾರಾ ಇತ್ತು. ತೆಗೆದಿದ್ದೇನೆ.