ಜೋಳವಾಳಿ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ವಿಕಮ್ ಅಂತ ಒಂದು ಊರು. ಅಲ್ಲಿ ಹೊಳೆಯ ದಂಡೆಗೆ ಹಳೆಯ ಹಿಟ್ಟಿನ ಗಿರಣಿಯೊಂದಿದೆ. ಅಳಿಯಂದಿರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ತಲೆ ಎತ್ತಿದರೆ ತೊಲೆಗಳ ಮೈತುಂಬ ಈಗ ಯಾವ ಕೆಲಸಕ್ಕೂ ಬಾರದ ಕಚ್ಚುಗಳು. ಎಂದೋ ಒಂದು ಮರ ಬಂದು ಕೂತು, ಎದ್ದುಹೋದ ಗೂಡುಗಳು. ನಮ್ಮೂರಲ್ಲಿ ಹಳೆ ಮನೆ ಬಿಚ್ಚಿ ಅದೇ ತೊಲೆ ಜಂತೆಗಳಲ್ಲಿ ಕೊಟ್ಟಿಗೆ ಕಟ್ಟಿದಾಗಲೂ ಹೀಗೇ ಕಾಣುತ್ತದೆ. ಇವು ಮಾತ್ರ ಮನೆಯವಲ್ಲ, ಯುದ್ಧದ ಹಡಗಿನವು. ಅಮೆರಿಕದ ಚೆಸಾಪೀಕ್. 1799ರಲ್ಲಿ ವರ್ಜೀನಿಯಾದಲ್ಲಿ ನೀರಿಗಿಳಿದದ್ದು, ಬ್ರಿಟಿಷರ ಕೈಗೆ ಸಿಕ್ಕಿ, ಕೊನೆಗೆ ಗುಜರಿಗೆ ಹೋಗಿ, 1820ರಲ್ಲಿ ಗಿರಣಿಯಾಯಿತು. 1976ರ ತನಕ ಹಿಟ್ಟು ಬೀಸಿತಂತೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಪಂಪನ ಪಾಠ ಮಾಡಿದವನು ನಾನು. ಹಡಗಿನ ಕಥೆಯನ್ನು ಅಳಿಯಂದಿರು ಹೇಳುತ್ತ ಹೋದಂತೆ ನನ್ನ ತಲೆಯಲ್ಲಿ ಕರ್ಣ ಎದ್ದು ಕೂತ.

1807ರ ಜೂನ್ 22. ಎರಡು ದೇಶಗಳ ನಡುವೆ ಯುದ್ಧವಿಲ್ಲ. ಬ್ರಿಟನ್ನಿನ ಲೆಪರ್ಡ್ ಹಡಗು ಚೆಸಾಪೀಕನ್ನು ತಡೆದು, ‘ನಮ್ಮ ಪಡೆಯಿಂದ ಓಡಿಬಂದವರು ನಿಮ್ಮಲ್ಲಿದ್ದಾರೆ, ಒಪ್ಪಿಸಿ’ ಎಂದಿತು. ಒಪ್ಪದಿದ್ದಾಗ ಗುಂಡಿನ ಸುರಿಮಳೆ. ಚೆಸಾಪೀಕ್ ಸಜ್ಜಾಗಿರಲಿಲ್ಲ. ಅದರಿಂದ ಹಾರಿದ್ದು ಒಂದೇ ಗುಂಡು. ಅದನ್ನು ಹೊತ್ತಿಸಲಿಕ್ಕೂ ಒಬ್ಬ ಅಧಿಕಾರಿ ಅಡುಗೆ ಒಲೆಯಿಂದ ಕೆಂಡ ತರಬೇಕಾಯಿತು. ಮೂವರು ಸತ್ತು, 18 ಮಂದಿ ಗಾಯಗೊಂಡ ಮೇಲೆ ಕಮೊಡೋರ್ ಜೇಮ್ಸ್ ಬ್ಯಾರನ್ ಬಾವುಟ ಇಳಿಸಿ, ಹಡಗು ನಿಮ್ಮದೇ ಎಂದ. ಹಡಗು ಬೇಡ ಎಂದರು. ನಾಲ್ವರನ್ನು ಮಾತ್ರ ಎಳೆದೊಯ್ದರು.

ಅವರಲ್ಲಿ ಒಬ್ಬ ಜೆಂಕಿನ್ ರ‍್ಯಾಟ್‌ಫರ್ಡ್, ಲಂಡನ್ನಿನಲ್ಲಿ ಹುಟ್ಟಿದವನು. ಬೇರೆ ಹೆಸರಿಟ್ಟುಕೊಂಡು ಅಮೆರಿಕದ ಸಂಬಳಕ್ಕೆ ಸೇರಿದ್ದ. ಅವನನ್ನು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಹಡಗಿನ ಪಟದ ಮರಕ್ಕೇ ನೇಣು ಹಾಕಿದರು. ಉಳಿದ ಮೂವರು ಅಮೆರಿಕದವರೇ. ಒಬ್ಬ ಸೆರೆಯಲ್ಲೇ ಸತ್ತ, ಇಬ್ಬರನ್ನು 1812ರಲ್ಲಿ ತಂದು ಅದೇ ಚೆಸಾಪೀಕಿನ ಮೇಲೆ ಒಪ್ಪಿಸಿದರು. ಬ್ರಿಟನ್ನಿನ ಕಾನೂನು ಆಗ ಸರಳವಾಗಿತ್ತು: ರಾಜನ ಪ್ರಜೆಯಾಗಿ ಹುಟ್ಟಿದವನು ಸಾಯುವ ತನಕ ರಾಜನ ಪ್ರಜೆ. ಎಲ್ಲಿಗೆ ಹೋದರೂ, ಯಾರ ಅನ್ನ ಉಂಡರೂ.

ನಮ್ಮಲ್ಲಿ ಇದಕ್ಕೆ ನೇರ ಎದುರಾದ ಮಾತೊಂದಿದೆ, ಜೋಳವಾಳಿ. ಯಾರ ಜೋಳ ಉಂಡೆಯೋ ಅವರಿಗಾಗಿ ಪ್ರಾಣ ಕೊಡು. ವೀರಗಲ್ಲುಗಳ ಹಿಂದೆ ನಿಂತಿರುವುದು ಈ ನಂಬಿಕೆ. ಹುಟ್ಟಿನ ಗುಟ್ಟನ್ನು ಕೃಷ್ಣ ಬಿಚ್ಚಿಟ್ಟಾಗಲೂ ಕರ್ಣ ಪಾಂಡವರತ್ತ ಹೆಜ್ಜೆ ಇಡಲಿಲ್ಲ. ದುರ್ಯೋಧನನ ಅನ್ನದ ಕಡೆಗೇ ಉಳಿದ. ಸಾವಿರ ವರ್ಷದಿಂದ ಅದಕ್ಕಾಗಿಯೇ ಅವನನ್ನು ಕೊಂಡಾಡುತ್ತಿದ್ದೇವೆ. ಲಂಡನ್ನಿನ ನ್ಯಾಯ ನಡೆಸಿದ್ದರೆ ಕರ್ಣನಿಗೂ ಹಗ್ಗವೇ.

ಹಾಗೆಂದು ರ‍್ಯಾಟ್‌ಫರ್ಡನನ್ನು ಕರ್ಣ ಮಾಡಲಾರೆ. ಅವನು ಮೊದಲು ಉಂಡದ್ದೂ ಬ್ರಿಟನ್ನಿನ ಹಡಗಿನ ರೊಟ್ಟಿಯನ್ನೇ. ಆದರೆ ಬೀದಿಯಲ್ಲಿ ಸಿಕ್ಕವರನ್ನು ಹಿಡಿದು ಹಡಗಿಗೆ ತಳ್ಳುತ್ತಿದ್ದ ಪಡೆ ಅದು. ಬಿಟ್ಟು ಹೋಗಲು ಬಾಗಿಲೇ ಇಲ್ಲದ ಕಡೆ ಹಾಕಿದ ಕೂಳಿಗೆ ಋಣ ಹುಟ್ಟುತ್ತದೆಯೇ? ಕರ್ಣನ ಎದುರು ಬಾಗಿಲು ತೆರೆದೇ ಇತ್ತು. ಅದಕ್ಕೇ ಅವನು ಉಳಿದದ್ದಕ್ಕೆ ಬೆಲೆ. ತರಗತಿಯಲ್ಲಿ ಇದನ್ನು ನಾನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ಗಿರಣಿಯ ತೊಲೆಯ ಕೆಳಗೆ ನಿಂತಾಗ ಹೊಳೆಯಿತು.

ಮುಂದಿನದನ್ನು ಬೇಗ ಹೇಳುತ್ತೇನೆ. ಅಷ್ಟರಲ್ಲಿ ಎರಡು ದೇಶಗಳ ನಡುವೆ ಯುದ್ಧ ಶುರುವಾಗಿತ್ತು. 1813ರ ಜೂನ್ 1ರಂದು ಬಾಸ್ಟನ್ನಿನ ಹೊರಗೆ ಚೆಸಾಪೀಕ್ ಮತ್ತು ಬ್ರಿಟನ್ನಿನ ಶಾನನ್ ಎದುರುಬದುರಾದವು. ಗಾಯಗೊಂಡು ಬಿದ್ದ ಕ್ಯಾಪ್ಟನ್ ಜೇಮ್ಸ್ ಲಾರೆನ್ಸ್ ಹಡಗನ್ನು ಬಿಟ್ಟುಕೊಡಬೇಡಿ ಎಂದ. ಕಾಲು ಗಂಟೆಯೊಳಗೆ ಹಡಗು ಹೋಯಿತು. ಜನರನ್ನು ಉಳಿಸಲು ಹಡಗು ಬಿಟ್ಟ ಬ್ಯಾರನ್‌ಗೆ ಐದು ವರ್ಷ ಅಮಾನತು. ಹಡಗನ್ನೂ ಜನರನ್ನೂ ಕಳೆದುಕೊಂಡ ಲಾರೆನ್ಸ್ ಇವತ್ತಿಗೂ ವೀರ. ವಿಚಿತ್ರವೆಂದರೆ ಆ ಸಂಜೆ ಚೆಸಾಪೀಕಿನ ಮೇಲೆ ಬ್ರಿಟನ್ನಿನ ಬಾವುಟ ಏರಿತು, ಮುಂದೆ ಅದೇ ಹೆಸರಿನಲ್ಲಿ ಅವರ ಪಡೆಯಲ್ಲೇ ದುಡಿಯಿತು. ಹಡಗಿಗೆ ದ್ರೋಹಿ ಎಂದವರಿಲ್ಲ. ಮರ ಕಾಲು ಗಂಟೆಯಲ್ಲಿ ದೇಶ ಬದಲಿಸಬಹುದು, ಮನುಷ್ಯ ಬದಲಿಸಿದರೆ ನೇಣು.

ಇಷ್ಟೆಲ್ಲ ಬರೆಯಲು ಕಾರಣ ಬೇರೆ. ಅಳಿಯಂದಿರು ಬ್ರಿಟನ್ನಿನ ಪೌರತ್ವ ತೆಗೆದುಕೊಂಡಾಗ ನಾನು ಫೋನಿನಲ್ಲಿ ಉಪ್ಪಿನ ಋಣದ ಮಾತಾಡಿದ್ದೆ. ಎರಡು ದೇಶದ ಪೌರತ್ವಕ್ಕೆ ನಮ್ಮ ಕಾನೂನಿನಲ್ಲಿ ಜಾಗವಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಬ್ರಿಟನ್ ತನ್ನ ಹಳೆಯ ಹಟವನ್ನು 1870ರಲ್ಲೇ ಬಿಟ್ಟಿತ್ತು, ನಾನು ಬಿಟ್ಟಿರಲಿಲ್ಲ. ಗಿರಣಿಯಿಂದ ಹೊರಬರುವಾಗ ಅವರೇ ಕೇಳಿದರು: ‘ಮಾವ, ನಾನು ಹದಿನಾಲ್ಕು ವರ್ಷ ಇಲ್ಲಿಯ ಅನ್ನ ಉಂಡಿದ್ದೇನೆ. ಅದು ಲೆಕ್ಕಕ್ಕಿಲ್ಲವಾ?’

‘ನಿಮಗೆ ಪಂಪನನ್ನು ಓದಿಸಿದ್ದು ಯಾರು?’ ಎಂದೆ. ಅವರು ನಕ್ಕರು. ಅವರು ಓದಿದ್ದು ಎಂಜಿನಿಯರಿಂಗ್.

ಆ ಪಾಸ್‌ಪೋರ್ಟ್ ರದ್ದಾಗಿ ವಾಪಸ್ ಬಂದಿದೆ. ಮೂಲೆ ಕತ್ತರಿಸಿದ್ದಾರೆ. ಮಗಳು ಅದನ್ನು ದೇವರ ಗೂಡಿನ ಕೆಳಗಿನ ಡ್ರಾಯರಿನಲ್ಲಿ, ಕರ್ಪೂರದ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಾಳೆ.