ದೋಣಿಯ ಫ್ಯಾನ್ ಮತ್ತು ಸ್ವಧರ್ಮದ ಪ್ರಶ್ನೆ

ಒಂದು ವಸ್ತುವಾಗಲಿ ನಡತೆಯಾಗಲಿ ಸರಿ ಎನ್ನಿಸಿಕೊಳ್ಳುವುದು ತನ್ನೊಳಗಿನ ಗುಣದಿಂದಲೋ, ತಾನು ಕೂಡಿಕೊಂಡ ಸಂಗತಿಗಳೊಡನೆ ಇರುವ ಸಂಬಂಧದಿಂದಲೋ ಎಂಬ ಪ್ರಶ್ನೆ ಭಾರತೀಯ ಚಿಂತನೆಯಲ್ಲಿ ಬಹಳ ಹಳೆಯದು. ಗೀತೆಯ ಸ್ವಧರ್ಮವಿಚಾರ, ಜೈನರ ಅನೇಕಾಂತವಾದ, 11ನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯವಿಮರ್ಶೆಯಲ್ಲಿ ಬೆಳೆಸಿದ ಔಚಿತ್ಯತತ್ತ್ವ, ಇವು ಬೇರೆ ಬೇರೆ ದಾರಿಗಳಿಂದ ಆ ಪ್ರಶ್ನೆಯನ್ನೇ ಮುಟ್ಟುತ್ತವೆ. ಕಾರವಾರದ ಬೈತಖೋಲ, ಅಂಕೋಲೆಯ ಬೇಲೇಕೇರಿ, ಕೇಣಿ ಮುಂತಾದ ತೀರಗಳಲ್ಲಿ, ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್ನಿಗೆ ಯಾವ ಪ್ರೊಪೆಲ್ಲರ್, ಅಂದರೆ ಬಳಕೆಯ ಮಾತಿನಲ್ಲಿ ಯಾವ ಫ್ಯಾನ್, ಹೊಂದುತ್ತದೆ ಎಂದು ನಿರ್ಧರಿಸುವಾಗ ಇದೇ ಪ್ರಶ್ನೆ ಎದುರಾಗುತ್ತದೆ. ಗ್ರಂಥಗಳಲ್ಲಿ ತಪ್ಪು ಉತ್ತರಕ್ಕೆ ಯಾರೂ ದಂಡ ತೆರಬೇಕಾಗಿಲ್ಲ, ಇಲ್ಲಿ ಇಂಧನದ ಲೆಕ್ಕದಲ್ಲೇ ದಂಡ ಬೀಳುತ್ತದೆ.

ಫ್ಯಾನಿಗೆ ಎರಡು ಮುಖ್ಯ ಅಳತೆಗಳಿವೆ. ಎಲೆಗಳ ತುದಿಗಳು ಸುತ್ತುವ ವೃತ್ತದ ಅಗಲ ವ್ಯಾಸವಾದರೆ, ಮರದೊಳಗೆ ಇಳಿಯುವ ಸ್ಕ್ರೂವಿನಂತೆ ಎಲ್ಲಿಯೂ ಜಾರದೆ ತಿರುಗಿದ್ದರೆ ಒಂದು ಸುತ್ತಿಗೆ ಅದು ಎಷ್ಟು ದೂರ ಮುಂದುವರಿಯುತ್ತಿತ್ತೋ ಆ ದೂರಕ್ಕೆ ಪಿಚ್ ಎಂದು ಹೆಸರು. ಎರಡನ್ನೂ ಇಂಚುಗಳಲ್ಲಿ ಹೇಳುವುದು ವಾಡಿಕೆ. ಹೆಚ್ಚು ಪಿಚ್ಚಿನ ಫ್ಯಾನ್ ಹಗುರವಾದ ದೋಣಿಗೆ ವೇಗ ಕೊಡುತ್ತದೆ. ಅದನ್ನೇ ಬಲೆ, ಮಂಜುಗಡ್ಡೆ, ಆಳುಗಳಿಂದ ತುಂಬಿದ ದೋಣಿಗೆ ಹಾಕಿದರೆ ಎಂಜಿನ್ ತನಗೆ ನಿಗದಿಯಾದ ಸುತ್ತುಗಳನ್ನು ಮುಟ್ಟಲಾರದೆ ತಿಣುಕುತ್ತದೆ, ಕಾಯುತ್ತದೆ, ಒಳಗೆ ಮಸಿ ಕಟ್ಟಿಕೊಳ್ಳುತ್ತದೆ. ಪಿಚ್ ತೀರ ಕಡಿಮೆಯಾದರೆ ಎಂಜಿನ್ ಮಿತಿಮೀರಿ ತಿರುಗಿ ಬೇಗ ಸವೆಯುತ್ತದೆ. ಒಂದು ಇಂಚು ಪಿಚ್ ಬದಲಾದರೆ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತುಗಳ ವ್ಯತ್ಯಾಸ ಕಾಣುತ್ತದೆ. ಲೋಹದ ವಿಷಯವೂ ಹೀಗೆಯೇ: ಸ್ಟೇನ್‌ಲೆಸ್ ಸ್ಟೀಲ್ ಬಾಗದು, ಆದ್ದರಿಂದ ಅದೇ ಮೇಲು ಎಂದು ತೋರುತ್ತದೆ, ಆದರೆ ಕಾಳಿ, ಗಂಗಾವಳಿ ನದಿಗಳ ಮುಖದ ಮರಳದಿಣ್ಣೆಗಳಲ್ಲಿ, ಕೂರ್ಮಗಡದ ಸುತ್ತಿನ ಬಂಡೆಗಳಲ್ಲಿ ಪೆಟ್ಟು ಬಿದ್ದಾಗ ಅಲ್ಯೂಮಿನಿಯಂ ಎಲೆ ತಾನು ಬಾಗಿ ಒಳಗಿನ ಗೇರನ್ನು ಉಳಿಸುವ ಸಂಭವ ಹೆಚ್ಚು. ಗಟ್ಟಿತನವೂ ಸ್ವತಃ ಗುಣವಲ್ಲ.

ಈ ಆಯ್ಕೆಗೆ ಕಾನೂನಿನ ಒಂದು ಎಲ್ಲೆಯೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಸಾಂಪ್ರದಾಯಿಕ ದೋಣಿಗಳಿಗೂ 10 ಅಶ್ವಶಕ್ತಿವರೆಗಿನ ಮೋಟಾರು ದೋಣಿಗಳಿಗೂ ವಿನಾಯಿತಿ ಇರುತ್ತದೆ. ಶಕ್ತಿಯನ್ನು ಹೆಚ್ಚಿಸುವ ಸ್ವಾತಂತ್ರ್ಯ ಅಲ್ಲಿ ಇಲ್ಲ. ಇರುವ ಶಕ್ತಿ ನೀರಿಗೆ ಹೇಗೆ ತಲುಪಬೇಕು ಎಂಬಲ್ಲಿ ಮಾತ್ರ ಸ್ವಾತಂತ್ರ್ಯವಿದೆ.

ಎಲ್ಲೆಯೊಳಗಿನ ಸ್ವಾತಂತ್ರ್ಯದ ಈ ವಿಚಾರಕ್ಕೂ ಕಾರವಾರಕ್ಕೂ ಹಳೆಯ ನಂಟಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ತರುಣ ರವೀಂದ್ರನಾಥ ಠಾಕೂರರು ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಎಲ್ಲ ಬಂಧಗಳನ್ನು ಕಡಿದು ಪ್ರಕೃತಿಯನ್ನು ಗೆಲ್ಲಹೊರಟ ಸಂನ್ಯಾಸಿಯನ್ನು ಪುಟ್ಟ ಹುಡುಗಿಯೊಬ್ಬಳ ಮಮತೆ ಮತ್ತೆ ಲೋಕಕ್ಕೆ ಎಳೆಯುತ್ತದೆ. ಸೀಮಿತವಾದುದರೊಳಗೇ ಅಸೀಮ ದೊರೆಯುತ್ತದೆ ಎಂಬುದು ತಮ್ಮ ಬರಹಗಳೆಲ್ಲದರ ವಸ್ತುವೆಂದು ಕವಿ ಮುಂದೆ ಆತ್ಮಕಥನದಲ್ಲಿ ಈ ನಾಟಕವನ್ನು ನೆನೆದು ಹೇಳಿದ್ದಾರೆ. ಪ್ರೊಪೆಲ್ಲರಿನ ಗಣಿತ ಇದನ್ನು ಅಲ್ಲಗಳೆಯುವುದಿಲ್ಲ. ಲೆಕ್ಕದ ಪಿಚ್ಚಿಗೂ ದೋಣಿ ನಿಜವಾಗಿ ಸಾಗುವ ದೂರಕ್ಕೂ ಇರುವ ಅಂತರಕ್ಕೆ ಸ್ಲಿಪ್, ಎಂದರೆ ಜಾರುವಿಕೆ, ಎನ್ನುತ್ತಾರೆ. ಅತಿಯಾದ ಜಾರುವಿಕೆ ನಷ್ಟವೇ ಹೌದು, ಆದರೆ ಅದನ್ನು ಪೂರ್ತಿ ಇಲ್ಲವಾಗಿಸಲು ಬರುವುದಿಲ್ಲ, ಏಕೆಂದರೆ ಎಲೆಗಳು ನೀರನ್ನು ಹಿಂದಕ್ಕೆ ತಳ್ಳಿದರೆ ತಾನೆ ದೋಣಿ ಮುಂದೆ ಹೋಗುವುದು, ಮತ್ತು ತಳ್ಳಿಸಿಕೊಂಡ ನೀರು ಇದ್ದಲ್ಲಿಯೇ ಇರಲಾರದು. ಲೋಕದೊಡನೆ ಯಾವ ಕೊಡುಕೊಳೆಯೂ ಇಲ್ಲದ ಪರಿಪೂರ್ಣತೆ ಸಂನ್ಯಾಸಿಗೆ ಆದರ್ಶವಾಗಿ ಕಂಡೀತು, ಫ್ಯಾನಿಗೆ ಅದು ನಿಶ್ಚಲತೆ.

ಹಾಗಾದರೆ ಸರಿ ಎಂಬುದು ಅವರವರ ಭಾವಕ್ಕೆ ಬಿಟ್ಟದ್ದೇ? ಅನೇಕಾಂತವಾದವನ್ನು ಹಲವರು ಹೀಗೆ ತಪ್ಪಾಗಿ ಓದುತ್ತಾರೆ. ಒಂದು ಮಾತು ಒಂದು ದೃಷ್ಟಿಯಿಂದ ನಿಜ ಎನ್ನುವುದು, ಆ ದೃಷ್ಟಿಯಿಂದ ಅದು ಖಂಡಿತ ನಿಜ ಎನ್ನುವುದೂ ಆಗಿದೆ: ಇಂಥ ದೋಣಿ, ಇಂಥ ಎಂಜಿನ್, ಇಂಥ ಭಾರ ಎಂದು ಗೊತ್ತಾದ ಮೇಲೆ ಯಾವ ಫ್ಯಾನ್ ಎಂಬ ಉತ್ತರ ಯಾರ ಇಷ್ಟಕ್ಕೂ ಕಾಯುವುದಿಲ್ಲ. ಗೀತೆಯ 3 ಮತ್ತು 18ನೇ ಅಧ್ಯಾಯಗಳು ಪರಧರ್ಮಕ್ಕಿಂತ ಕೊರತೆಯುಳ್ಳ ಸ್ವಧರ್ಮವೇ ಮೇಲೆಂದಾಗ ಹೇಳುವುದು ಈ ಹೊಂದಾಣಿಕೆಯನ್ನೇ ಎಂದು ವಾದಿಸಬಹುದು. ಆದರೆ ಪರಂಪರೆ ಆ ಮಾತನ್ನು ಹುಟ್ಟಿಗೆ ಕಟ್ಟಿಹಾಕಿದ್ದು ಹೊಂದಾಣಿಕೆಯ ತರ್ಕಕ್ಕೇ ವಿರುದ್ಧವಾಗಿದೆ. ದೋಣಿಯ ಭಾರ ಬದಲಾದರೆ ಅದೇ ದೋಣಿಗೆ ಬೇರೆ ಫ್ಯಾನ್ ಬೇಕಾಗುತ್ತದೆ. ಯಾವ ಕಾರ್ಖಾನೆಯಲ್ಲಿ ಹುಟ್ಟಿತು ಎಂಬುದರಿಂದ ಫ್ಯಾನಿನ ಯೋಗ್ಯತೆ ತೀರ್ಮಾನವಾಗುವುದಿಲ್ಲ. 12ನೇ ಶತಮಾನದಲ್ಲಿ ತುಂಗಭದ್ರೆಯ ದಡದ ಅಂಬಿಗರ ಚೌಡಯ್ಯ, ದೋಣಿ ನಡೆಸುವ ಕಾಯಕದವನು, ಹುಟ್ಟಿನ ಹಿರಿಮೆಯನ್ನು ಶರಣರಲ್ಲೇ ಅತ್ಯಂತ ಒರಟಾಗಿ ಖಂಡಿಸಿದವರಲ್ಲಿ ಒಬ್ಬನಾಗಿದ್ದುದು ಆಕಸ್ಮಿಕವಿರಲಾರದು. ಸ್ವಧರ್ಮವನ್ನು ಇಂದು ಉಳಿಸಿಕೊಳ್ಳಬೇಕಾದರೆ ಅದನ್ನು ಹೊತ್ತ ಹೊರೆಯಿಂದ ಅಳೆಯಬೇಕು. ಹುಟ್ಟಿನಿಂದ ಅಳೆಯುವ ವ್ಯಾಖ್ಯಾನವನ್ನು ಕೈಬಿಡಬೇಕು.